ಕರಾಟೆಯ ಶಿಕ್ಷಣದಲ್ಲಿ ವಿನಯವೂ ವಿಧೇಯತೆಯೂ

೨೦೨೧ನೆಯ ಇಸವಿಯ ಆಗಸ್ಟ್ ೭ನೆಯ ತಾರೀಖು ಟೋಕಿಯೋ ನಗರದ ಬುಡೋಕನ್ ಮಂದಿರದಲ್ಲಿ ಜರುಗಿದ ಒಲಿಂಪಿಕ್ ಕರಾಟೆ ಪಂದ್ಯವೊಂದು ವಿಚಿತ್ರವಾದ ರೀತಿಯಲ್ಲಿ ಮುಗಿಯಿತೆಂಬುದು ಅನೇಕ ವಾಚಕರಿಗೆ ನೆನಪಿರಬಹುದು. ೭೫ ಕಿಲೋಗ್ರಾಮಿಗೆ ಮೇಲ್ಪಟ್ಟ ತೂಕದ ಪುರುಷರ ಅಂತಿಮ ಸ್ಪರ್ಧೆಯದು. ಸೌದಿ ಅರೇಬಿಯದ ತಾರೆಗ್ ಹಮೇದಿ ಎಂಬ ತರುಣನು ೪ಕ್ಕೆ ೧ ಅಂಕದಿಂದ ಮುಂದಿದ್ದನು. ಅಷ್ಟರಲ್ಲಿ ಅವನ ಒಂದು ಒದೆತವು ಇರಾನಿನ ಸಜ್ಜಾದ್ ಗಂಜ್‌ಜಾದೆಗೆ ಬಲವಾಗಿ ತಗಲಲು, ಆತನು ಪ್ರಜ್ಞೆ ತಪ್ಪಿ ನೆಲಕ್ಕುರುಳಿದನು. ಪಂಚರು ವಿಚಾರಮಾಡಿ, ಹೊಡೆದವನನ್ನು ಅನರ್ಹನೆಂದು ಸಾರಿದರು; ಬಿದ್ದವನಿಗೆ ಸುವರ್ಣಪದಕವು ಸಂದಿತು.

ಇದು ಯಾವ ಊರಿನ ನ್ಯಾಯವೆಂದು ಆಗ ಕೇಳಿದವರು ಬಹು ಮಂದಿ. ಕಾದಾಟದಲ್ಲಿ ಕೆಡವಿದವನು ಸೋಲುವುದುಂಟೆ? ಆದರೆ ಆ ವಿದ್ಯೆಯ ಪೂರ್ವೋತ್ತರಗಳನ್ನು ಬಲ್ಲವರಿಗೆ ಪಂಚರ ತೀರ್ಮಾನವು ಆಶ್ಚರ್ಯವನ್ನುಂಟುಮಾಡತಕ್ಕದ್ದಲ್ಲ. ಜಪಾನೀಯರ ಅಭ್ಯಾಸದಲ್ಲಿ ‘ಸುನ್-ದೊಮೆ’ ಎಂಬುದೊಂದು ಪದ್ಧತಿಯಿದೆ. ಸುನ್ ಎಂದರೆ ಹೆಚ್ಚುಕಡಮೆ ಒಂದು ಅಂಗುಲ. ಪೂರ್ಣವೇಗದಿಂದ ಹೊರಟ ಮುಷ್ಟಿಯು ಎದುರಾಳಿಯ ಮೈಗೆ ಅಂಗುಲದಷ್ಟು ದೂರದಲ್ಲಿ ನಿಲ್ಲತಕ್ಕದ್ದೆಂಬುದು ಅದರ ಅರ್ಥ. ಹೊಡೆಯುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಹೊರಟ ಕೈಯನ್ನು ನಿಲ್ಲಿಸುವುದಕ್ಕೆ ವರುಷಗಳು ಬೇಕು.

ಈ ವಿದ್ಯೆಯ ತವರು ಓಕಿನಾವ ದ್ವೀಪ. ರ್ಯೂಕ್ಯೂ ಎಂಬ ಹೆಸರಿನಿಂದ ತನ್ನದೇ ಅರಸರನ್ನು ಹೊಂದಿದ್ದ ಆ ನಾಡು ೧೬೦೯ರಲ್ಲಿ ಸತ್ಸುಮಾ ಸಂಸ್ಥಾನದ ಸೈನ್ಯಕ್ಕೆ ಸೋತು, ೧೮೭೯ರಲ್ಲಿ ಜಪಾನಿನ ಒಂದು ಜಿಲ್ಲೆಯಾಗಿ ಮಾರ್ಪಟ್ಟಿತು. ಅಂಥ ಕಾಲದಲ್ಲಿ ಶುರಿ ಪಟ್ಟಣದ ಬಾಲಕ ಫುನಕೋಶಿ ಗಿಚಿನ್ (೧೮೬೮–೧೯೫೭) ರಾತ್ರಿಯ ಹೊತ್ತು ದೀಪ ಹಿಡಿದು ಗುರು ಅಸಾತೋ ಅಂಕೋ ಅವರ ಮನೆಗೆ ಹೋಗುತ್ತಿದ್ದನು. ಗುರುಗಳು ಜಗುಲಿಯ ಮೇಲೆ ಕುಳಿತಿರುವರು. ಹುಡುಗನು ಅಂಗಳದಲ್ಲಿ ಒಂದೇ ‘ಕತಾ’, ಅಂದರೆ ಗೊತ್ತುಮಾಡಿದ ಹೆಜ್ಜೆ-ಹೊಡೆತಗಳ ಒಂದೇ ಸರಣಿಯನ್ನು, ತಿಂಗಳುಗಟ್ಟಲೆ ಮಾಡಬೇಕು. ‘ಇನ್ನೊಮ್ಮೆ’ ಎಂಬುದಕ್ಕಿಂತ ಹೆಚ್ಚಿನ ಮಾತು ಅಪರೂಪ. ಒಂದೇ ಹೆಸರಿನ ಮೂರು ಕತಾಗಳಿಗೆ ಆತನು ಹತ್ತು ವರ್ಷ ಸವೆಸಿದನು. ಹೊಗಳಿಕೆಗೆ ಹಸಿದ ಈಗಿನ ವಿದ್ಯಾರ್ಥಿಯು ಇಂಥ ಗುರುವಿನ ಬಳಿ ಒಂದು ವಾರ ನಿಲ್ಲುವನೋ ಇಲ್ಲವೋ ತಿಳಿಯದು.

ಇಷ್ಟು ಕಲಿತ ತರುಣ ಫುನಕೋಶಿಯು ಒಂದು ಸಂಜೆ ಮಾವನ ಮನೆಯಲ್ಲಿ ಹಿರಿಯರ ಪೀಠಕ್ಕೆ ನಿವೇದಿಸಲೆಂದು ಸಿಹಿ ಕಡುಬುಗಳ ಪೊಟ್ಟಣವನ್ನು ಹಿಡಿದು ಹೋಗುತ್ತಿದ್ದಾಗ, ದಾರಿಯಲ್ಲಿ ಇಬ್ಬರು ಪುಂಡರು ಅಡ್ಡಗಟ್ಟಿದರು. ಆತನು ಕೈಯೆತ್ತಲಿಲ್ಲ, ಪೊಟ್ಟಣವನ್ನು ಅವರ ಕೈಗೆ ಕೊಟ್ಟು ಮುಂದೆ ನಡೆದನು. ಸಂಗತಿಯನ್ನು ಕೇಳಿದ ಗುರುಗಳು ತಮ್ಮ ಶ್ರಮವು ಸಾರ್ಥಕವಾಯಿತೆಂದು ಸಂತೋಷಪಟ್ಟರು. ಹಾಗಾದರೆ ಪೀಠಕ್ಕೆ ಏನನ್ನು ಅರ್ಪಿಸಿದೆಯೆಂದು ಪ್ರಶ್ನಿಸಲು, ಬೇರೇನೂ ಇರಲಿಲ್ಲವಾದ್ದರಿಂದ ಮನಃಪೂರ್ವಕವಾದ ಪ್ರಾರ್ಥನೆಯನ್ನು ಅರ್ಪಿಸಿದೆನೆಂದು ಶಿಷ್ಯನು ಹೇಳಿದನಂತೆ. ಇದನ್ನು ಹೇಡಿತನವೆನ್ನುವವರು ಎನ್ನಲಿ. ಹೊಡೆಯಲಾರದವನು ಸುಮ್ಮನಿರುವುದು ಬೇರೆ, ಹೊಡೆಯಬಲ್ಲವನು ಸುಮ್ಮನಿರುವುದು ಬೇರೆ.

ಇದು ವಿನಯ. ಇದರ ಪಕ್ಕದಲ್ಲಿಯೇ ಇನ್ನೊಂದು ಗುಣವು ಈ ವಿದ್ಯೆಯೊಳಗೆ ಹೊಕ್ಕಿತು. ಎರಡಕ್ಕೂ ಇಂದು ‘ಶಿಸ್ತು’ ಎಂಬ ಒಂದೇ ಹೆಸರಿದೆ. ಫುನಕೋಶಿಯವರ ಇನ್ನೊಬ್ಬ ಗುರುಗಳಾದ ಇತೋಸು ಅಂಕೋ (೧೮೩೧–೧೯೧೫) ೧೯೦೧ರ ಸುಮಾರಿಗೆ ಈ ವಿದ್ಯೆಯನ್ನು ಶುರಿಯ ಪ್ರಾಥಮಿಕ ಶಾಲೆಗೂ, ೧೯೦೫ರಲ್ಲಿ ಜಿಲ್ಲೆಯ ಒಂದನೆಯ ಮಾಧ್ಯಮಿಕ ಶಾಲೆಗೂ ತಂದರು. ೧೯೦೮ರಲ್ಲಿ ಅವರು ಬರೆದ ಹತ್ತು ಅಂಶಗಳ ಪತ್ರವು ಪ್ರಸಿದ್ಧವಾದುದು. ಮುಷ್ಟಿಯಿಂದಾಗಲಿ ಪಾದದಿಂದಾಗಲಿ ಪರರಿಗೆ ಗಾಯಮಾಡದಿರುವುದೇ ಉದ್ದೇಶವಾಗಿರಬೇಕೆಂಬುದು ಆ ಪತ್ರದಲ್ಲಿಯೇ ಇದೆ. ಬಾಲ್ಯದಿಂದ ಈ ಅಭ್ಯಾಸವಾದರೆ ಹುಡುಗರು ಮುಂದೆ ಸೈನ್ಯಕ್ಕೆ ಉಪಯುಕ್ತರಾಗುವರೆಂಬುದೂ ಅದೇ ಪತ್ರದಲ್ಲಿದೆ. ಅದಕ್ಕೆ ಸಾಕ್ಷಿಯಾಗಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭುವಿನದೆನ್ನಲಾದ ಮಾತನ್ನೂ ಉದಾಹರಿಸಿದ್ದಾರೆ. ದೂರದ ದ್ವೀಪದ ವೃದ್ಧ ಗುರುವಿಗೆ ಆಂಗ್ಲ ಸೇನಾನಿಯ ಸಾಕ್ಷ್ಯವೇಕೆ ಬೇಕಾಯಿತೆಂಬುದನ್ನು, ಪರರ ಪ್ರಮಾಣಪತ್ರವಿಲ್ಲದೆ ತಮ್ಮ ಸೊತ್ತಿಗೆ ಬೆಲೆಯಿಲ್ಲವೆಂದು ನಂಬಿಸಲ್ಪಟ್ಟ ಜನರು ಸುಲಭವಾಗಿ ಊಹಿಸಬಲ್ಲರು.

ಅಂಗಳದ ವಿದ್ಯೆಯು ಶಾಲೆಯ ಬಯಲಿಗೆ ಬಂದಾಗ ಅದರ ರೂಪವೇ ಬದಲಾಯಿತು. ಒಬ್ಬ ಗುರು, ಒಬ್ಬಿಬ್ಬರು ಶಿಷ್ಯರೆಂಬುದು ಹೋಗಿ, ಸಾಲುಗಳು ನಿಂತವು. ಎಣಿಕೆಯ ಕೂಗಿಗೆ ನೂರು ಮುಷ್ಟಿಗಳು ಒಮ್ಮೆಗೇ ಏಳತೊಡಗಿದವು. ನಾವು ಇಂದು ಪುರಾತನ ಸಂಪ್ರದಾಯವೆಂದು ಕೊಂಡಾಡುವುದರಲ್ಲಿ ಬಹುಭಾಗವು ಈ ಕವಾಯತೇ ಆಗಿದೆ. ಕರಿಯ ಪಟ್ಟಿಯು ಜೂಡೋ ವಿದ್ಯೆಯಿಂದ ಬಂದದ್ದು. ಫುನಕೋಶಿಯವರು ಅದನ್ನು ಮೊದಲು ಕೊಟ್ಟದ್ದು ೧೯೨೪ರಲ್ಲಿ. ‘ಚೀಣಾ ಕೈ’ ಎಂಬರ್ಥದ ಹಳೆಯ ಬರಹವನ್ನು ಬಿಟ್ಟು ‘ಬರಿಗೈ’ ಎಂದು ಬರೆಯುವುದಕ್ಕೆ ಓಕಿನಾವದ ಗುರುಗಳು ನಾಹಾ ಪಟ್ಟಣದಲ್ಲಿ ಸೇರಿ ಒಪ್ಪಿದ್ದು ೧೯೩೬ರಲ್ಲಿ. ಆ ಬರಿದುತನಕ್ಕೆ ಫುನಕೋಶಿಯವರು ಬೌದ್ಧರ ಶೂನ್ಯದ ಅರ್ಥವನ್ನು ಹೇಳಿದರು. ಚೀನದ ಹೆಸರು ಆ ದಿನಗಳ ಜಪಾನಿನಲ್ಲಿ ಬೇಡವಾಗಿದ್ದಿತೆಂಬುದೂ ಸುಳ್ಳಲ್ಲ.

ವಿಧೇಯತೆಯ ಫಲವು ೧೯೪೫ರಲ್ಲಿ ಕಂಡಿತು. ಅಮೆರಿಕದ ಸೈನ್ಯವು ಓಕಿನಾವಕ್ಕೆ ಬಂದಿಳಿದಾಗ, ಶಾಲೆಗಳ ಹದಿನಾಲ್ಕು ಹದಿನೈದು ವರ್ಷದ ಬಾಲಕರನ್ನೂ ‘ರಕ್ತ-ಕಬ್ಬಿಣ’ದ ವಿದ್ಯಾರ್ಥಿ ದಳವೆಂದು ಯುದ್ಧಕ್ಕೆ ನೂಕಲಾಯಿತು. ಇತೋಸು ಕಲಿಸಿದ್ದ ಒಂದನೆಯ ಮಾಧ್ಯಮಿಕ ಶಾಲೆಯ ಮಕ್ಕಳೂ ಅವರಲ್ಲಿದ್ದರು. ಅನೇಕರು ಮರಳಲಿಲ್ಲ. ಅದೇ ವರ್ಷ ಟೋಕಿಯೋದಲ್ಲಿ ಫುನಕೋಶಿಯವರ ಅಭ್ಯಾಸಮಂದಿರವೂ ವಿಮಾನದಾಳಿಯಲ್ಲಿ ಸುಟ್ಟುಹೋಯಿತು. ಈ ಅನರ್ಥಕ್ಕೆ ಕರಾಟೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಕೂಗಿದೊಡನೆ ಕೈಯೆತ್ತುವುದನ್ನು ಮಾತ್ರ ಕಲಿತವನಿಗೆ, ಕೂಗುವವನು ಯಾರೆಂದು ಕೇಳುವ ಶಕ್ತಿಯು ಎಲ್ಲಿಂದ ಬರಬೇಕು?

ನಮ್ಮ ಪಟ್ಟಣಗಳಲ್ಲಿಯೂ ಈಗ ಬಿಳಿಯ ಉಡುಪಿನ ಮಕ್ಕಳು ಸಾಲುಗಟ್ಟಿ ನಿಂತು ಜಪಾನೀ ಭಾಷೆಯಲ್ಲಿ ಎಣಿಸುವುದನ್ನು ಕಾಣುತ್ತೇವೆ. ಶಿಸ್ತು ಬರಲೆಂದು ಕಳುಹಿಸುತ್ತೇವೆಂದು ತಂದೆತಾಯಿಗಳು ಹೇಳುತ್ತಾರೆ. ಯಾವ ಶಿಸ್ತೆಂಬುದನ್ನು ಅವರು ಅರ್ಧ ಗಂಟೆ ನಿಂತು ನೋಡಿ ತಿಳಿಯಬಹುದು. ಮಗುವು ಬಾಗಿ ನಮಸ್ಕರಿಸಿದಾಗ ಗುರುವೂ ಅಷ್ಟೇ ಬಾಗುವನೋ? ಬಲಿಷ್ಠನಾದ ಹುಡುಗನು ಚಿಕ್ಕವನಿಗೆ ಜೋರಾಗಿ ಹೊಡೆದರೆ ಗುರುವು ಮೆಚ್ಚುವನೋ, ಆಟವನ್ನು ನಿಲ್ಲಿಸುವನೋ? ಪದಕ, ಪಟ್ಟಿ, ಪರೀಕ್ಷೆಯ ಶುಲ್ಕ ಇವುಗಳ ವಿಚಾರವನ್ನು ಆಮೇಲೆ ಕೇಳಿದರಾಯಿತು.

ಫುನಕೋಶಿಯವರಿಗೆ ಪಂದ್ಯಗಳೆಂದರೆ ಕೊನೆಯವರೆಗೂ ಹಿಡಿಸಲಿಲ್ಲ. ಜಪಾನ್ ಕರಾಟೆ ಸಂಘದ ಪ್ರಥಮ ಅಖಿಲ ಜಪಾನ್ ಸ್ಪರ್ಧೆಯು ನಡೆದದ್ದು ಅವರು ತೀರಿಕೊಂಡ ೧೯೫೭ರಲ್ಲಿಯೇ. ಅದರ ಹಿಂದಿನ ವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಯುದ್ಧಾನಂತರದ ಒಂದು ರಾತ್ರಿಯ ಸಂಗತಿಯನ್ನು ಬರೆದಿದ್ದಾರೆ. ಆಗ ಅವರಿಗೆ ಎಂಬತ್ತರ ಆಸುಪಾಸು. ಒಬ್ಬನು ಸುಲಿಗೆಗೆಂದು ಮೇಲೆಬೀಳಲು, ಅವರು ಥಟ್ಟನೆ ಅವನ ಮರ್ಮಸ್ಥಾನವನ್ನು ಹಿಡಿದು ನಿಲ್ಲಿಸಿ ಪೊಲೀಸಿನವನಿಗೆ ಒಪ್ಪಿಸಿದರು. ಯುದ್ಧದಿಂದ ಮರಳಿ, ಗತಿಯಿಲ್ಲದೆ ಆ ಕ್ಷಣಕ್ಕೆ ಕಳ್ಳನಾದವನೆಂದು ಅವರಿಗೆ ತೋರಿತು. ಮೊದಲು ಕೈಮಾಡಬೇಡಿರೆಂದು ತರುಣರಿಗೆ ಹೇಳುತ್ತಲೇ ಬಂದ ತಾವು ಅದನ್ನೇ ಮಾಡಿದೆವೆಂದೂ, ಅದರಿಂದ ತಮಗೆ ಹೆಮ್ಮೆಯೆನಿಸಲಿಲ್ಲವೆಂದೂ ಆ ವೃದ್ಧರು ಬರೆದುಕೊಂಡಿದ್ದಾರೆ.