ನಾಗರಹೊಳೆಯ ಅಧ್ಯಯನವೂ ನಮ್ಮ ತೋಟಗಳೂ

ಕೊಡಗಿನ ಬೆಳೆಗಾರನಿಗೆ ಸಂಶೋಧನೆಯೆಂಬುದು ಹೊಸ ಮಾತಲ್ಲ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಮುಂದೆ ನಮ್ಮ ಚೆಟ್ಟಳ್ಳಿಗೂ ಉಪಕೇಂದ್ರ ಬಂತು. ಬಿಳಿ ಕಾಂಡಕೊರಕ ಮುಂಗಾರಿಗೆ ಮೊದಲು ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ಹಾರುತ್ತದೆಂದು ತಿಳಿದುಕೊಂಡೇ ನಾವು ಅರೇಬಿಕಾ ಗಿಡಗಳನ್ನು ಉಳಿಸಿಕೊಂಡು ಬಂದಿದ್ದೇವೆ. ಹುಳುವಿನ ನಡತೆ ತಿಳಿಯದೆ ಔಷಧಿ ಹೊಡೆದರೆ ಹಣ ಹೋಗುತ್ತದೆಯೇ ಹೊರತು ಗಿಡ ಉಳಿಯುವುದಿಲ್ಲ. ತೋಟಕ್ಕೆ ಬರುವ ಆನೆ, ಹುಲಿಗಳ ವಿಷಯದಲ್ಲೂ ಇದೇ ನ್ಯಾಯ.

ಈ ತಿಳಿವಳಿಕೆಯ ಬಹುಭಾಗ ನಮ್ಮ ಮಗ್ಗುಲಲ್ಲೇ, ನಾಗರಹೊಳೆಯ ಕಾಡಿನಲ್ಲಿ ಸಂಗ್ರಹವಾಗಿದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೇ, 1955ರಲ್ಲಿ, ಅದು ಅಭಯಾರಣ್ಯವಾಯಿತು. ಮುಂದೆ ಮೈಸೂರು ಜಿಲ್ಲೆಯ ಕಾಡುಗಳೂ ಸೇರಿದವು. 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್.

ಇಲ್ಲಿ 1986ರಿಂದ ವ್ಯವಸ್ಥಿತ ಅಧ್ಯಯನ ಕೈಗೊಂಡವರು ಡಾ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗನಾದ ಇವರು ಓದಿದ್ದು ಇಂಜಿನಿಯರಿಂಗ್, ಒಲಿದದ್ದು ಕಾಡು. 1990ರಲ್ಲಿ ಅವರು ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವುಗಳ ಓಡಾಟವನ್ನು ಗುರುತಿಸತೊಡಗಿದರು. ಆಗ ದೇಶದಲ್ಲೆಲ್ಲ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುವ ಪದ್ಧತಿಯಿತ್ತು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಒಣ ಧೂಳಿನಲ್ಲಿ ಇನ್ನೊಂದು ಬಗೆಯಾಗಿ ಮೂಡುವುದು ತೋಟದ ಹಾದಿಯಲ್ಲಿ ನಡೆದವರಿಗೆಲ್ಲ ಗೊತ್ತು. ಕಾರಂತರು ಹುಲಿಯ ಮೈಮೇಲಿನ ಪಟ್ಟೆಯನ್ನು ನಂಬಿದರು. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಅದರ ಎಡಬಲ ಮಗ್ಗುಲುಗಳ ಪಟ್ಟೆಯೂ ಬೇರೆ ಬೇರೆ. ಆದುದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾಗಳನ್ನು ಕಟ್ಟಿ, ಹುಲಿ ನಡುವೆ ಹಾದಾಗ ತಾನಾಗಿ ಚಿತ್ರ ಬೀಳುವಂತೆ ಮಾಡಲಾಯಿತು. ಮತ್ತೆ ಸಿಕ್ಕ ಹುಲಿಗಳೆಷ್ಟು, ಹೊಸವೆಷ್ಟು ಎಂಬ ಲೆಕ್ಕದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಈ ಕ್ರಮವನ್ನು ಅವರು 1995ರಲ್ಲಿ ಪ್ರಕಟಿಸಿದರು.

ಅದರ ಮಹತ್ವ ಹತ್ತು ವರ್ಷಗಳ ಬಳಿಕ ಎಲ್ಲರಿಗೂ ಮನವರಿಕೆಯಾಯಿತು. ಕಾಗದದ ಮೇಲೆ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾಯಿತು. ಆ ಮೇಲೆ ಸರ್ಕಾರ ಹೆಜ್ಜೆಯ ಎಣಿಕೆಯನ್ನು ಬಿಟ್ಟು ಕ್ಯಾಮೆರಾ ಕ್ರಮಕ್ಕೆ ತಿರುಗಿತು. 2022ರ ಅಂದಾಜಿನಲ್ಲಿ ನಾಗರಹೊಳೆಗೆ ಸಿಕ್ಕ ಸಂಖ್ಯೆ 141.

ಅಧ್ಯಯನದಿಂದ ತಿಳಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ, ಅಂದರೆ ಹೆಚ್ಚುಕಡಿಮೆ ವಾರಕ್ಕೊಂದು ಬೇಕು. ಈ ಬೇಟೆ ವರ್ಷವೂ ಸಿಗಬೇಕಾದರೆ ಅದರ ಪಾಲಿಗೆ ಕಾಡಿನಲ್ಲಿ ಸುಮಾರು 500 ಜಿಂಕೆ, ಕಡವೆ, ಕಾಟಿಗಳಿರಬೇಕು. ಕಾಡು ತುಂಬಿದಾಗ ತಾಯನ್ನು ಬಿಟ್ಟ ಎಳೆಯ ಹುಲಿ ಹೊಸ ಜಾಗ ಹುಡುಕುತ್ತದೆ. ಮುದಿಯಾದದ್ದು, ಗಾಯಗೊಂಡದ್ದು ಅಂಚಿಗೆ ತಳ್ಳಲ್ಪಡುತ್ತದೆ. ಕಾಡಿನ ಅಂಚೆಂದರೆ ಕುಟ್ಟ, ಬಾಳೆಲೆ, ತಿತಿಮತಿಯ ಕಡೆಯ ನಮ್ಮ ತೋಟಗಳೇ. ಅಲ್ಲಿ ಅದಕ್ಕೆ ಸುಲಭವಾಗಿ ಸಿಗುವುದು ನಮ್ಮ ದನ. 2021ರಲ್ಲಿಯೂ 2023ರಲ್ಲಿಯೂ ದಕ್ಷಿಣ ಕೊಡಗಿನಲ್ಲಿ ಹುಲಿಯ ದಾಳಿಗೆ ಮನುಷ್ಯರ ಪ್ರಾಣವೇ ಹೋಯಿತು. ಸತ್ತವರಲ್ಲಿ ತೋಟದ ಕೂಲಿಕಾರರ ಮನೆಯವರಿದ್ದರು.

ಆನೆಯ ಮಾತೂ ಹೀಗೆಯೇ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೂ ಸೇರಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಡಗಿನ ತೋಟಗಳ ಆನೆ ಲದ್ದಿಯನ್ನು ಪರೀಕ್ಷಿಸಿದಾಗ ಕಾಫಿ ಬೀಜವೇ ಕಂಡಿತು. ಹಲಸಿಗೂ ಬಾಳೆಗೂ ಬಂದ ಆನೆ ಕಾಫಿ ಹಣ್ಣಿನ ರುಚಿಯನ್ನೂ ಹತ್ತಿಸಿಕೊಂಡಿದೆ. ಬರೀ ಪಟಾಕಿ ಸಿಡಿಸಿ ಅಟ್ಟಿದರೆ ಅದು ಪಕ್ಕದ ತೋಟಕ್ಕೆ ಹೋಗುತ್ತದೆ, ಮರುರಾತ್ರಿ ಮರಳುತ್ತದೆ.

ಜನಶಿಕ್ಷಣದ ವಿಷಯ ಬಂದಾಗ ಕೆ. ಎಂ. ಚಿಣ್ಣಪ್ಪನವರನ್ನು ನೆನೆಯಲೇಬೇಕು. ದಕ್ಷಿಣ ಕೊಡಗಿನವರೇ ಆದ ಇವರು ನಾಗರಹೊಳೆಯ ವಲಯಾಧಿಕಾರಿಯಾಗಿ ಕಳ್ಳಬೇಟೆಯನ್ನೂ ಮರಗಳ್ಳತನವನ್ನೂ ಎದುರಿಸಿ ನಿಂತರು. 1992ರಲ್ಲಿ ಉದ್ರಿಕ್ತ ಜನ ಕಾಡಿಗೇ ಬೆಂಕಿಯಿಟ್ಟದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಸೇವೆ ಬಿಟ್ಟ ಮೇಲೆ ಚಿಣ್ಣಪ್ಪನವರು ನಾಗರಹೊಳೆ ವನ್ಯಜೀವಿ ಸಂರಕ್ಷಣಾ ಶಿಕ್ಷಣ ಯೋಜನೆಯ ಮೂಲಕ ಸುತ್ತಲಿನ ಶಾಲೆಗಳ ಮಕ್ಕಳನ್ನು ಕಾಡಿನೊಳಕ್ಕೆ ಕರೆದೊಯ್ದು ಕಲಿಸಿದರು. ಬಂದೂಕಿನಿಂದ ಕಾಡನ್ನು ಒಂದು ತಲೆಮಾರು ಕಾಯಬಹುದು, ಮುಂದಿನದಕ್ಕೆ ಪಾಠವೇ ಬೇಕೆಂಬುದನ್ನು ಅವರ ಬಾಳು ತೋರಿಸಿತು. 2024ರಲ್ಲಿ ಅವರು ತೀರಿಕೊಂಡರು.

ಈ ಶಿಕ್ಷಣ ಇನ್ನು ಶಾಲೆಯಿಂದ ತೋಟದ ಲೈನ್ ಮನೆಗಳಿಗೆ ಬರಬೇಕೆಂಬುದು ನಮ್ಮ ಅಭಿಪ್ರಾಯ. ಮುಂಜಾನೆ ಮಂಜಿನಲ್ಲಿ ಮೊದಲು ತೋಟಕ್ಕಿಳಿಯುವವನು ಆಳು, ಮಾಲೀಕನಲ್ಲ. ಕಾಡಿನ ಹಾಡಿಗಳಿಂದ ಹೊರಬಂದು ನಮ್ಮಲ್ಲಿ ದುಡಿಯುವ ಜೇನುಕುರುಬರು, ಎರವರಿಗೆ ಹೆಜ್ಜೆ ಓದಲು ನಾವು ಕಲಿಸಬೇಕಾಗಿಲ್ಲ. ಅವರ ಮಾತನ್ನು ಕೇಳಿ ಕೆಲಸದ ಜಾಗ ಬದಲಿಸಿದರೆ ಸಾಕು.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಹುಲಿ ದನ ಹಿಡಿದರೆ ಕಳೇಬರವನ್ನು ಎಳೆಯಬೇಡಿ, ಹೂಳಬೇಡಿ. ಅದಕ್ಕೆ ವಿಷವನ್ನಂತೂ ಹಾಕಲೇಬೇಡಿ. ಒಡನೆ ಅರಣ್ಯ ಇಲಾಖೆಗೆ ತಿಳಿಸಿ, ಜನ ಸೇರದಂತೆ ನೋಡಿಕೊಳ್ಳಿ. ಹುಲಿ ತನ್ನ ಬೇಟೆಗೆ ಮರಳುವುದುಂಟು. ಅಲ್ಲಿ ಕ್ಯಾಮೆರಾ ಕಟ್ಟಿದರೆ ಬಂದ ಹುಲಿ ಯಾವುದೆಂದು ಹಳೆಯ ಚಿತ್ರಗಳೊಡನೆ ಹೋಲಿಸಿ ನೋಡಬಹುದು. ಗುರುತು ಸಿಕ್ಕರೆ ಹಿಡಿಯಬೇಕಾದದ್ದನ್ನೇ ಹಿಡಿಯಬಹುದು. ಇಲ್ಲದಿದ್ದರೆ ಯಾವುದೋ ಹುಲಿ ಬೋನಿಗೆ ಬೀಳುತ್ತದೆ, ದನ ತಿಂದದ್ದು ತೋಟದಲ್ಲೇ ಉಳಿಯುತ್ತದೆ. ಪರಿಹಾರದ ಅರ್ಜಿಗೂ ಸ್ಥಳ ಪರಿಶೀಲನೆಯೇ ಆಧಾರ.

ಅರ್ಜಿ ಹಿಡಿದು ಅಲೆಯುವ ಸದಸ್ಯರ ಕಷ್ಟ ಸಂಘಕ್ಕೆ ತಿಳಿಯದ್ದಲ್ಲ. ನಾವು ಕೊಡುವ ಸಹಕಾರಕ್ಕೆ ಪ್ರತಿಯಾಗಿ ಕೇಳುವ ಹಕ್ಕೂ ನಮಗಿದೆ. ಅಧ್ಯಯನದ ಫಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಉಳಿದುಬಿಡದೆ ಕನ್ನಡದಲ್ಲಿ ನಮ್ಮ ಪಂಚಾಯಿತಿಗೂ ಸಂಘಕ್ಕೂ ಬರಲಿ. ಕ್ಯಾಮೆರಾದಲ್ಲಿ ಹುಲಿ ಕಂಡ ದಿನವೇ ಆ ಊರಿನ ತೋಟಕ್ಕೆ ಸುದ್ದಿ ಮುಟ್ಟಲಿ. ಕಾಂಡಕೊರಕ ಹಾರುವ ತಿಂಗಳನ್ನು ಸಾರಿ ಹೇಳುವಷ್ಟೇ ಸಹಜವಾಗಿ ಇದೂ ನಡೆದರೆ, ನಾಗರಹೊಳೆಯ ಸಂಶೋಧನೆ ಬೆಳೆಗಾರನ ಕೈಗೂ ಬಂದಂತೆ.