ಮನೆತನದ ಕಡತ

ಸುಗ್ಗಿ ಮುಗಿದು ಕಣಜಗಳು ತುಂಬಿದ ಮೇಲೆ ಹಳ್ಳಿಗಳಿಗೆ ಹೆಳವರು ಬರುವ ವಾಡಿಕೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಉಂಟು. ಹೆಳವ ಎಂಬ ಮಾತಿಗೆ ಕಾಲಿಲ್ಲದವನು, ಕುಂಟ ಎಂದರ್ಥ. 1909ರಲ್ಲಿ ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಎಂಬ ವಿದ್ವಾಂಸನು, ಬಳ್ಳಾರಿ ಮತ್ತು ಮೈಸೂರು ಸೀಮೆಗಳ ಹೆಳವರು ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಊರೊಳಕ್ಕೆ ಬರುತ್ತಿದ್ದರೆಂದೂ, ಮನೆಮನೆಯ ಮುಂದೆ ನಿಂತು ಆ ಮನೆತನದ ಚರಿತ್ರೆಯನ್ನು, ಕಾಳಗದಲ್ಲಿ ಮಡಿದ ಅದರ ವೀರರ ಹೆಸರುಗಳನ್ನು ಹೇಳುತ್ತಿದ್ದರೆಂದೂ ಬರೆದಿದ್ದಾನೆ. ಮನೆಯ ಯಜಮಾನನಿಗೆ ತನ್ನ ಮುತ್ತಜ್ಜನ ಹೆಸರು ಮರೆತುಹೋಗಿದ್ದರೂ ಹೆಳವನಿಗೆ ಅದು ಮರೆತಿರುತ್ತಿರಲಿಲ್ಲ. ಮೂಲಪುರುಷನು ಯಾವ ಊರಿನಿಂದ ಬಂದನು, ಅವನಿಗೆ ಎಷ್ಟು ಮಂದಿ ಮಕ್ಕಳು, ಅವರಲ್ಲಿ ಯಾರ ಸಂತಾನ ಬೆಳೆಯಿತು, ಯಾರದು ಅಳಿಯಿತು ಎಂಬುದನ್ನೆಲ್ಲ ಆತನು ರಾಗವಾಗಿ ಒಪ್ಪಿಸುತ್ತಿದ್ದನು.

ಹೆಳವರು ಬರಿಯ ಬಾಯಿಪಾಠವನ್ನೇ ನೆಚ್ಚಿದವರಲ್ಲ. ತಾಳೆಗರಿಯಲ್ಲಿಯೂ ಅನಂತರ ಕಾಗದದ ಹೊತ್ತಿಗೆಗಳಲ್ಲಿಯೂ ಅವರು ಈ ವಂಶಾವಳಿಗಳನ್ನು ಬರೆದಿಟ್ಟುಕೊಂಡು ಬಂದಿದ್ದಾರೆ. ಇಂತಿಂಥ ಊರು, ಇಂತಿಂಥ ಒಕ್ಕಲು ಇಂಥ ಹೆಳವನಿಗೆ ಸೇರಿದ್ದು ಎಂಬ ಕಟ್ಟಳೆ ಅವರಲ್ಲಿ ಇದೆ; ಅದು ತಂದೆಯಿಂದ ಮಕ್ಕಳಿಗೆ ಬರುವ ಹಕ್ಕು. ಕೆಲವು ವರ್ಷಗಳಿಗೊಮ್ಮೆ ಬಂದಾಗ ಹಳೆಯದನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುತ್ತಾರೆ. ಅದಕ್ಕೆ ಪ್ರತಿಯಾಗಿ ಮನೆಯವರು ಕಾಳು, ಬಟ್ಟೆ, ಹಣ, ಶಕ್ತಿಯಿದ್ದರೆ ಒಂದು ದನವನ್ನೂ ಕೊಡುವುದುಂಟು. ಇಷ್ಟನ್ನು ಪಡೆದವನು ಕೊಟ್ಟವನ ವಂಶವನ್ನು ಸ್ವಲ್ಪ ಹೊಗಳಿಯೇ ಹಾಡಿಯಾನು. ಆದುದರಿಂದ ಮೂಲಪುರುಷನ ಪರಾಕ್ರಮದ ಕಥೆಗಳನ್ನು ಹಾಗೆಯೇ ನಂಬಬೇಕಾದುದಿಲ್ಲ. ಆದರೆ ಹೆಸರುಗಳ ಸರಣಿಯ ವಿಷಯ ಬೇರೆ. ಅದರಲ್ಲಿ ತಪ್ಪಿದರೆ ಮನೆಯ ಹಿರಿಯರೇ ಜಗುಲಿಯ ಮೇಲೆ ತಿದ್ದುತ್ತಿದ್ದರು.

ಉತ್ತರ ಭಾರತದ ಹರಿದ್ವಾರದಲ್ಲಿಯೂ ಇಂಥದೇ ಒಂದು ಏರ್ಪಾಡಿದೆ. ಅಲ್ಲಿನ ಪಂಡಾಗಳು ಯಾತ್ರಿಕರ ಊರು, ಜಾತಿ, ಮನೆತನಗಳಿಗೆ ಅನುಸಾರವಾಗಿ ವಹಿಗಳನ್ನು ಇಟ್ಟಿದ್ದಾರೆ. ತೀರ್ಥಕ್ಕೆ ಹೋದವನು ತನ್ನ ಅಜ್ಜನು ಅದೇ ಪುಟದಲ್ಲಿ ಮಾಡಿದ ರುಜುವನ್ನು ಕಂಡು ಬೆರಗಾಗುವುದುಂಟು. ಆದರೆ ಎರಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ: ಅಲ್ಲಿ ಜನರು ವಹಿಯನ್ನು ಅರಸಿಕೊಂಡು ಹೋಗಬೇಕು, ಇಲ್ಲಿ ವಹಿಯೇ ಜನರನ್ನು ಅರಸಿಕೊಂಡು ಬರುತ್ತದೆ.

ಮನೆಗಳಲ್ಲಿಯೇ ಉಳಿದುಕೊಂಡಿರುವ ಬರಹಗಳೂ ಕಡಮೆಯವಲ್ಲ. ಇವುಗಳಲ್ಲಿ ಕಡತವೆಂಬುದು ನಮ್ಮ ನಾಡಿನ ವಿಶೇಷ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಅದನ್ನು ಹಿಂದಕ್ಕೂ ಮುಂದಕ್ಕೂ ಪದರಪದರವಾಗಿ ಮಡಿಸಿದರೆ ಕಪ್ಪು ಹೊತ್ತಿಗೆಯೊಂದು ಸಿದ್ಧವಾಗುತ್ತದೆ. ಇದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಲೆಕ್ಕಪತ್ರಗಳಿಗೆ ಇದು ಅನುಕೂಲ. ಚರಿತ್ರೆಯನ್ನು ಹುಡುಕುವವನಿಗೆ ಇದೇ ಒಂದು ತೊಡಕು. ಒದ್ದೆಯ ಕೈ ತಾಗಿದರೆ ಸಾಕು, ಒಂದು ತಲೆಮಾರೇ ಅಳಿಸಿಹೋಗುತ್ತದೆ! ತಾಳೆಗರಿಯ ಬರಹ ಹಾಗಲ್ಲ. ಅದನ್ನು ಕಂಠದಿಂದ ಕೊರೆದು, ಗೀರುಗಳಿಗೆ ಮಸಿಯನ್ನು ತುಂಬುತ್ತಿದ್ದುದರಿಂದ ಅಕ್ಷರ ಅಳಿಸದು. ಅದಕ್ಕೆ ಶತ್ರುಗಳೆಂದರೆ ಹುಳುಗಳು, ತೇವ, ಮತ್ತು ಇವು ಯಾವುದೋ ಹಳೆಯ ಓಲೆಗಳೆಂದು ಒಲೆಗೆ ಹಾಕುವ ಅಜ್ಞಾನ.

ಶಾನುಭೋಗರ ಮನೆಗಳಲ್ಲಿ ಇಂಥ ಕಡತಗಳು ಕಟ್ಟುಕಟ್ಟಾಗಿ ಇರುತ್ತಿದ್ದವು. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಹುದ್ದೆ ಹೋದರೂ ಅಟ್ಟದ ಮೇಲಿನ ಹಳೆಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿದವು. ಇವುಗಳ ಬೆಲೆಯನ್ನು ಬಹಳ ಹಿಂದೆಯೇ ಅರಿತಿದ್ದವನು ಕರ್ನಲ್ ಕಾಲಿನ್ ಮೆಕೆಂಜಿ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಮೈಸೂರು ಸೀಮೆಯನ್ನು ಅಳೆಯಲು ನೇಮಕಗೊಂಡ ಈ ಅಧಿಕಾರಿಯು ನೆಲವನ್ನಷ್ಟೇ ಅಳೆದು ಸುಮ್ಮನಾಗಲಿಲ್ಲ. ಕಾವಲಿ ವೆಂಕಟ ಬೊರಯ್ಯ ಮತ್ತು ಅವನ ಸೋದರರೇ ಮೊದಲಾದ ಸಹಾಯಕರನ್ನು ಊರೂರಿಗೆ ಕಳುಹಿಸಿ, ಕೈಫಿಯತ್ತುಗಳನ್ನೂ ಪಾಳೆಯಗಾರರ ವಂಶಾವಳಿಗಳನ್ನೂ ಬರೆಯಿಸಿ ತರಿಸಿದನು. ಆ ಸಂಗ್ರಹದ ಒಂದು ಭಾಗ ಇಂದು ಚೆನ್ನೈಯಲ್ಲಿದೆ, ಇನ್ನೊಂದು ಭಾಗ ಲಂಡನ್ನಿನಲ್ಲಿದೆ. ಎಷ್ಟೋ ಊರುಗಳಲ್ಲಿ ಮೂಲ ಕಡತವು ನಾಶವಾಗಿ, ಅಂದು ಪರರಿಗಾಗಿ ಬರೆದುಕೊಟ್ಟ ಪ್ರತಿಯೇ ಉಳಿದಿದೆ. ಹಂಚಿಕೊಂಡುದು ಉಳಿಯಿತು, ಬಚ್ಚಿಟ್ಟುದು ಅಳಿಯಿತು.

ಯಾರು ಯಾರ ಮಗ ಎಂಬುದು ಕುತೂಹಲದ ಮಾತು ಮಾತ್ರವಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಪುತ್ರನ ಹಕ್ಕನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆ ಒಪ್ಪಲಿಲ್ಲ. ಆ ಒಂದು ನಿರಾಕರಣೆಯೇ ಯುದ್ಧಕ್ಕೆ ಕಾರಣವಾಯಿತು. ಅದೇ ವರ್ಷ ಅಕ್ಟೋಬರ್ 23ರಂದು ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಮುಂಬಯಿ ಪ್ರಾಂತದಲ್ಲಿ 1852ರಲ್ಲಿ ಇನಾಂ ಆಯೋಗವು ಏರ್ಪಟ್ಟಾಗ, ಇನಾಂ ಭೂಮಿಯನ್ನು ಅನುಭವಿಸುತ್ತಿದ್ದ ಕುಟುಂಬಗಳು ಸನ್ನದುಗಳನ್ನೂ ವಂಶಾವಳಿಯನ್ನೂ ತೋರಿಸಬೇಕಾಯಿತು. ಕಾಗದವಿದ್ದವನಿಗೆ ನೆಲ ಉಳಿಯಿತು, ಇಲ್ಲದವನು ಸಂಕಟಕ್ಕೆ ಸಿಕ್ಕಿದನು. ಇಂದಿಗೂ ಪಿತ್ರಾರ್ಜಿತ ಜಮೀನಿನ ಖಾತೆಯನ್ನು ಬದಲಾಯಿಸಬೇಕಾದರೆ ನಾಡ ಕಚೇರಿಯಿಂದ ವಂಶವೃಕ್ಷದ ಪ್ರಮಾಣಪತ್ರವನ್ನು ತರುವ ಪ್ರಸಂಗ ಬರುತ್ತದೆ. ಸಾಮಾನ್ಯವಾಗಿ ನಮ್ಮಲ್ಲಿ ಅನೇಕರು ತಮ್ಮ ಹಿರಿಯರ ಹೆಸರನ್ನು ಮೊದಲ ಬಾರಿಗೆ ನೆನಪಿಸಿಕೊಳ್ಳುವುದು ಆ ಅರ್ಜಿಯನ್ನು ತುಂಬುವಾಗಲೇ.

ಇಷ್ಟೆಲ್ಲ ಬೆಲೆಯುಳ್ಳ ಈ ವಂಶಾವಳಿಗಳಲ್ಲಿ ಒಂದು ದೊಡ್ಡ ಕೊರತೆಯುಂಟು. ಅವುಗಳಲ್ಲಿ ಹೆಂಗಸರಿಲ್ಲ. ತಂದೆ, ಅವನ ತಂದೆ, ಅವನ ತಂದೆ ಎಂದು ಮೇಲಕ್ಕೆ ಏರುತ್ತ ಹೋಗುವ ಏಣಿ ಅದು. ಲೆಕ್ಕ ಹಾಕಿ ನೋಡಿರಿ. ಒಬ್ಬನಿಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು ಮಂದಿ. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ 1024 ಸ್ಥಾನಗಳಾಗುತ್ತವೆ. ಹತ್ತು ತಲೆಮಾರಿನ ವಂಶಾವಳಿ ನಮ್ಮಲ್ಲಿದೆ ಎಂದು ಹೆಮ್ಮೆಪಡುವವನು ಆ ತಲೆಮಾರಿನಲ್ಲಿ ತಿಳಿದಿರುವುದು ಒಬ್ಬನ ಹೆಸರನ್ನು. ಉಳಿದ 1023 ಸ್ಥಾನಗಳು ಬರಿದಾಗಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಾಸನ ದೊರೆತಿದೆ. ಗಂಗ ಬೂತುಗನ ವೀರನಾದ ಮಣಲೆರನು, ಹಂದಿಯೊಡನೆ ಹೋರಾಡಿ ಮಡಿದ ತನ್ನ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಆ ನಾಯಿಯ ಹೆಸರು ಕಾಳಿ ಎಂದು ಸಾವಿರ ವರ್ಷಗಳ ಬಳಿಕವೂ ನಮಗೆ ತಿಳಿದಿದೆ. ನಮ್ಮ ಮುತ್ತಜ್ಜಿಯ ತಾಯಿಯ ಹೆಸರು ತಿಳಿಯದು.

ಎಲ್ಲ ಕಡೆಯೂ ಹೀಗೆಯೇ ಎಂದಲ್ಲ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ವಂಶವು ತಾಯಿಯ ಕಡೆಯಿಂದ ಹರಿಯುತ್ತದೆ. ಅಲ್ಲಿನ ವಂಶವೃಕ್ಷದಲ್ಲಿ ಬೇರು ಒಬ್ಬ ಹೆಂಗಸು. ಕೊಂಬೆಗಳು ಅವಳ ಹೆಣ್ಣುಮಕ್ಕಳು. ಇತರ ಕಡೆಗಳಲ್ಲಿ ಈಗ ಕಾನೂನೇ ದಾರಿಯನ್ನು ತೆರೆದಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕು ದೊರೆತುದರಿಂದ, ಅವಳ ಹೆಸರನ್ನು ಬಿಟ್ಟು ವಂಶವೃಕ್ಷವನ್ನು ಬರೆಯುವುದು ಇಂದು ಸಲ್ಲದು.

ಕಾಗದದಲ್ಲಿ ಕಾಣದ ತಾಯಂದಿರು ಬೇರೆಡೆ ಕಾಣುತ್ತಾರೆ. ಅಡುಗೆಮನೆಯ ಅಟ್ಟವನ್ನೋ ದೇವರಕೋಣೆಯ ಮೂಲೆಯನ್ನೋ ಹುಡುಕಿದರೆ ಹಿತ್ತಾಳೆಯ ಕೊಳಗವೋ ತಾಮ್ರದ ಹಂಡೆಯೋ ಸಿಕ್ಕೀತು. ಅದರ ಕಂಠದ ಸುತ್ತ ಸಣ್ಣ ಚುಕ್ಕೆಗಳಲ್ಲಿ ಹೊಡೆಸಿದ ಅಕ್ಷರಗಳಿರುತ್ತವೆ. ಮಗಳ ಮದುವೆಯಲ್ಲಿ ತವರಿನವರು ಪಾತ್ರೆಗಳಿಗೆ ಹೆಸರು ಹೊಡೆಸಿ ಕೊಡುವ ಪದ್ಧತಿ ನಮ್ಮಲ್ಲಿದೆ. ಕೊಟ್ಟವರ ಹೆಸರು, ಪಡೆದವಳ ಹೆಸರು, ಒಮ್ಮೊಮ್ಮೆ ಊರು ಮತ್ತು ತಾರೀಖು ಅಲ್ಲಿರುತ್ತವೆ. ಚರಿತ್ರೆಯ ವಿದ್ಯಾರ್ಥಿಗೆ ಇದು ತಾಮ್ರಶಾಸನಕ್ಕಿಂತ ಕಡಮೆಯದಲ್ಲ. ಹುಣಿಸೆಹಣ್ಣು ಹಚ್ಚಿ ಉಜ್ಜಿದಷ್ಟೂ ಅಕ್ಷರ ಸವೆಯುವುದರಿಂದ, ಮೊದಲು ಅದನ್ನು ಓದಿ ಬರೆದುಕೊಂಡು ಆಮೇಲೆ ಬೆಳಗಿದರೆ ಒಳ್ಳೆಯದು. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಮಾರಿ ಹೊಸ ಪಾತ್ರೆಯನ್ನು ತರುವಾಗ ಮನೆಯವರು ಮಾರುವುದು ಲೋಹವನ್ನು ಮಾತ್ರವಲ್ಲ.

ಕೌದಿಯೂ ಇಂಥದೇ ಒಂದು ದಾಖಲೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಸಣ್ಣ ಸಣ್ಣ ಹೊಲಿಗೆಗಳನ್ನು ಹಾಕಿ ಕೌದಿಯನ್ನು ಮಾಡುತ್ತಾರೆ. ಇದು ಅತ್ತೆಯ ಇಳಕಲ್ ಸೀರೆಯ ಸೆರಗು, ಇದು ತೊಟ್ಟಿಲಿಗೆ ಕಟ್ಟಿದ್ದ ಬಟ್ಟೆ, ಇದು ತೀರಿಹೋದ ಮೈದುನನ ಅಂಗಿ ಎಂದು ಹೊಲಿದವಳು ಬೆರಳಿಟ್ಟು ಹೇಳಬಲ್ಲಳು. ಹೆಳವನ ಹೊತ್ತಿಗೆಯಲ್ಲಿ ಇಲ್ಲದುದು ಇಲ್ಲಿದೆ. ಆದರೆ ಅವಳು ಹೇಳಿದರೆ ಮಾತ್ರ ಇದೆ. ಅವಳು ಹೋದ ಮೇಲೆ ಅದು ಬರಿಯ ಹೊದಿಕೆ. ಕೊಡಗಿನವರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರೆಂದು ನನಗೆ ತೋರುತ್ತದೆ. ಒಂದು ಒಕ್ಕದವರೆಲ್ಲರಿಗೂ ಸೇರಿದ ಐನ್‌ಮನೆ, ಹಿರಿಯರ ನೆನಪಿಗಾಗಿ ಇರುವ ಕೈಮಡ, ಮನೆಯಲ್ಲಿ ಉಳಿದುಬಂದ ಒಡಿಕತ್ತಿ, ಪೀಚೆಕತ್ತಿಗಳು ಒಬ್ಬರ ಸ್ವತ್ತಲ್ಲ, ಒಕ್ಕದ ಸ್ವತ್ತು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಕೊಡಗಿನ ಐನ್‌ಮನೆಗಳನ್ನು ಅರಸಿ ತಿರುಗಿ, ಹಿರಿಯರನ್ನು ಮಾತನಾಡಿಸಿ, ಅವುಗಳ ವಿವರಗಳನ್ನು 2014ರಲ್ಲಿ ಒಂದು ಗ್ರಂಥವಾಗಿ ಹೊರತಂದರು.

ಹಿರಿಯರ ಹೇಳಿಕೆಯನ್ನು ಬರೆದುಕೊಳ್ಳುವಾಗ ಕಾಲನಿರ್ಣಯದಲ್ಲಿ ಎಚ್ಚರ ಬೇಕು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಮೊದಲಿನವರು ತಾವು ಹುಟ್ಟಿದುದನ್ನು ಪ್ಲೇಗು ಬಂದ ವರ್ಷ, ಕೆರೆ ಒಡೆದ ವರ್ಷ ಎಂದೇ ಹೇಳುತ್ತಿದ್ದರು. ಸಂವತ್ಸರದ ಹೆಸರು ಸಿಕ್ಕರೆ ಸುಲಭವೆಂದು ತೋರಬಹುದು. ಆದರೆ ಸಂವತ್ಸರಗಳು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತವೆ. ಧಾತು ಸಂವತ್ಸರವು 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲಿಯೂ ಬಂತು. ‘ಧಾತು ಈಶ್ವರದ ಬರದಲ್ಲಿ ನಮ್ಮವರು ಊರು ಬಿಟ್ಟರು’ ಎಂದು ಮನೆಯಲ್ಲಿ ಮಾತಿದ್ದರೆ, ಅದು ಮೈಸೂರು ಸೀಮೆಯನ್ನು ಹಾಳುಮಾಡಿದ 1876ರಿಂದ 1878ರವರೆಗಿನ ಕ್ಷಾಮ. ಬರವೆಂಬ ಒಂದು ಮಾತೇ ಅಲ್ಲಿ ಶತಮಾನವನ್ನು ತೋರಿಸಿಕೊಡುತ್ತದೆ. ಇನ್ನೊಂದು ತೊಡಕು ಹೆಸರುಗಳದು. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿಯಿಂದ ತಿಮ್ಮಯ್ಯನ ಮಗ ರಂಗಯ್ಯ, ರಂಗಯ್ಯನ ಮಗ ತಿಮ್ಮಯ್ಯ ಎಂದು ಎರಡೇ ಹೆಸರುಗಳು ಒಂದಾದ ಮೇಲೊಂದರಂತೆ ಬರುತ್ತವೆ. ಬರೆಯುವವನು ಕಣ್ತಪ್ಪಿದರೆ ಎರಡು ತಲೆಮಾರು ಮಾಯವಾಗುತ್ತದೆ. ಹೆಂಡತಿಯ ಹೆಸರನ್ನು ಜೊತೆಗೆ ಬರೆದುಕೊಂಡರೆ ಈ ಗೊಂದಲ ಬಹುಮಟ್ಟಿಗೆ ನೀಗುತ್ತದೆ.

ಹಳೆಯ ಪೆಟ್ಟಿಗೆಯನ್ನು ನಾಲ್ಕು ಜನರ ಮುಂದೆ ತೆರೆಯಲು ಮನೆಯವರು ಹಿಂಜರಿಯುವುದು ಸಹಜ. ಕಾಗದವನ್ನು ಕಂಡ ದಾಯಾದಿಗಳು ವ್ಯಾಜ್ಯ ಹೂಡಿಯಾರೆಂಬ ಭಯ ಒಂದು. ಒಡವೆವಸ್ತುಗಳ ಮೇಲೆ ಕಳ್ಳರ ಕಣ್ಣು ಬಿದ್ದೀತೆಂಬ ಭಯ ಇನ್ನೊಂದು. ಮೂಲದಲ್ಲಿ ತಾವು ಬಡವರಾಗಿ ಬಂದವರು, ಇನ್ನೊಬ್ಬರ ಹೊಲದಲ್ಲಿ ಜೀತಕ್ಕಿದ್ದವರು ಎಂಬುದು ಹೊರಬಂದೀತೆಂಬ ಸಂಕೋಚವೂ ಇರುತ್ತದೆ. ಈ ಕೊನೆಯ ಸಂಕೋಚವು ನಿಷ್ಕಾರಣವಾದುದು. ಜೀತದಿಂದ ಬಿಡಿಸಿಕೊಂಡು ಬಂದವನ ಕಥೆಗೆ ಪಾಳೆಯಗಾರನ ಕಥೆಗಿಂತ ಹೆಚ್ಚಿನ ಬೆಲೆಯಿದೆ. ಅದನ್ನು ಬರೆದಿಡಲು ಆ ಕಾಲದಲ್ಲಿ ಯಾರೂ ಇರಲಿಲ್ಲ. ಮೊದಲಿನ ಎರಡು ಭಯಗಳಿಗೆ ಉಪಾಯವಿದೆ. ಮೂಲವು ಮನೆಯಲ್ಲಿಯೇ ಇರಲಿ, ಪ್ರತಿಯನ್ನು ಮಾತ್ರ ಹೊರಗೆ ಕೊಡಬಹುದು. ಇಟ್ಟುಕೊಳ್ಳುವ ಶಕ್ತಿಯಿಲ್ಲದವರು ವಸ್ತುವನ್ನೇ ನಂಬಿಕೆಯ ಕೈಗಳಿಗೆ ಒಪ್ಪಿಸಬಹುದು. ಕೆಳದಿ ಗುಂಡಾ ಜೋಯಿಸರು ಮನೆಮನೆಗಳಿಂದ ಓಲೆಗರಿ ಕಡತಗಳನ್ನು ಸಂಗ್ರಹಿಸಿ ಕೆಳದಿಯ ವಸ್ತುಸಂಗ್ರಹಾಲಯವನ್ನು ಬೆಳೆಸಿದುದು ಹೀಗೆಯೇ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ರಾಗಿ ಬೀಸುವ ಕಲ್ಲಿಗೂ ಗೌರವದ ಸ್ಥಾನ ದೊರೆತಿದೆ.

ಹಬ್ಬಕ್ಕೋ ಮದುವೆಗೋ ಬಂಧುಗಳು ನೆರೆದಾಗ ಈ ಕೆಲಸವನ್ನು ತೊಡಗುವುದು ಸುಲಭ. ದೊಡ್ಡದೊಂದು ಹಾಳೆಯನ್ನು ನಡುಮನೆಯಲ್ಲಿ ಹರಡಿ, ತಿಳಿದಷ್ಟು ಹೆಸರುಗಳನ್ನು ಬರೆದರೆ, ಉಳಿದುದನ್ನು ತುಂಬಲು ಬಂದವರೇ ಪೈಪೋಟಿ ನಡೆಸುತ್ತಾರೆ. ಸೋದರತ್ತೆಯರನ್ನು ಮೊದಲು ಕೇಳಬೇಕು. ಎರಡು ಮನೆಗಳಲ್ಲಿ ಬಾಳಿದ ಅವರಿಗೆ ಎರಡು ವಂಶಗಳೂ ಗೊತ್ತು. ಹೇಳಿದವರು ಯಾರು, ಹೇಳಿದ ದಿನ ಯಾವುದು ಎಂಬುದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಬೇಕು. ಒಂದೇ ಸಂಗತಿಯನ್ನು ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಬೇಕು. ಹಳೆಯ ಛಾಯಾಚಿತ್ರದ ಹಿಂಬದಿಯಲ್ಲಿ ಶಾಯಿಯಿಂದ ಬರೆದರೆ ಅದು ಮುಂದಕ್ಕೆ ಇಳಿದು ಮುಖವನ್ನು ಕೆಡಿಸುತ್ತದೆ. ಆದುದರಿಂದ ಮೆತ್ತನೆಯ ಸೀಸದ ಕಡ್ಡಿಯನ್ನು ಹಿಡಿದು, ಒತ್ತದೆ, ಎಡದಿಂದ ಬಲಕ್ಕೆ ನಿಂತವರ ಹೆಸರನ್ನು ಕ್ರಮವಾಗಿ ಬರೆಯಬೇಕು, ಬಾಗಿಲ ಮರೆಯಲ್ಲಿ ಅರ್ಧ ಕಾಣುವ ಹೆಂಗಸಿನ ಹೆಸರನ್ನೂ ಸೇರಿಸಿ.