ಇರುಳ ಪಹರೆಯ ಬೆಲೆ

ನಡುರಾತ್ರಿಗೆ ಇನ್ನು ಕಾಲು ಗಂಟೆ. ಯುದ್ಧನೌಕೆಯ ಕೆಳ ಅಂತಸ್ತಿನಲ್ಲಿ ಮಲಗಿದ್ದ ನಾವಿಕನೊಬ್ಬನನ್ನು ತಟ್ಟಿ ಎಬ್ಬಿಸುತ್ತಾರೆ. ಆತ ಕಣ್ಣುಜ್ಜಿಕೊಂಡು, ಒಂದು ಲೋಟ ಕಾಫಿ ಕುಡಿದು ಮೇಲೇರುತ್ತಾನೆ. ನಸುಕಿನ ನಾಲ್ಕರವರೆಗೆ ಅವನ ಪಹರೆ. ಮರುದಿನ ಅವನ ಸರದಿ ಬೇರೆ ವೇಳೆಗೆ! ಇದು ಹಾಯಿಹಡಗುಗಳ ಕಾಲದಿಂದ ಬಂದ ಪದ್ಧತಿ. ದಿನವನ್ನು ನಾಲ್ಕು ನಾಲ್ಕು ಗಂಟೆಗಳಾಗಿ ಹಂಚಿ, ಸಂಜೆಯ ಒಂದು ಭಾಗವನ್ನು ಮಾತ್ರ ಎರಡಾಗಿ ಒಡೆಯುತ್ತಾರೆ. ಆಗ ಸರದಿಗಳು ಏಳಾಗುತ್ತವೆ. ಎರಡು ತಂಡಗಳು ಬದಲಾಗುತ್ತ ನಿಂತರೆ ನಡುರಾತ್ರಿಯ ಕಷ್ಟ ನಿತ್ಯವೂ ಒಬ್ಬನ ಪಾಲಿಗೇ ಬೀಳದು. ನ್ಯಾಯವೇನೋ ಸಂದಿತು, ಆದರೆ ನಾವಿಕನ ದೇಹವನ್ನು ಕೇಳಿದವರಾರು?

ಮನುಷ್ಯನ ಮಿದುಳಿನ ಬುಡದಲ್ಲಿ ಅಕ್ಕಿಕಾಳಿಗಿಂತಲೂ ಕಿರಿದಾದ ಒಂದು ಗಡಿಯಾರವಿದೆ. ಅದರ ದಿನ 24 ಗಂಟೆಗಿಂತ ತುಸುವೇ ಹೆಚ್ಚು. ಹಗಲಿನ ಬೆಳಕು ಅದನ್ನು ನಿತ್ಯವೂ ಸರಿಪಡಿಸುತ್ತಿರುತ್ತದೆ. ಸೇನಾಧಿಪತಿಯ ಆಜ್ಞೆ ಅದಕ್ಕೆ ತಿಳಿಯದು. ಆರೋಗ್ಯವಂತನ ರಕ್ತದೊತ್ತಡ ರಾತ್ರಿಯ ನಿದ್ರೆಯಲ್ಲಿ ಶೇಕಡ 10ರಿಂದ 20ರಷ್ಟು ಇಳಿಯುವುದು ವಾಡಿಕೆ. ಹೃದಯಕ್ಕೆ ದೊರಕುವ ವಿಶ್ರಾಂತಿ ಅಷ್ಟೇ. ಪಹರೆಯವನಿಗೆ ಅದೂ ತಪ್ಪುತ್ತದೆ. ರಾತ್ರಿಯಲ್ಲಿ ಇನ್ಸುಲಿನ್ನಿನ ಪ್ರಭಾವವೂ ತಗ್ಗುವುದರಿಂದ, ಬೆಳಗ್ಗೆ ಸುಲಭವಾಗಿ ಅರಗುವ ಊಟವೇ ನಡುರಾತ್ರಿಯಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ.

2009ರಲ್ಲಿ ಪ್ರಕಟವಾದ ಬೋಸ್ಟನ್ನಿನ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹತ್ತು ಮಂದಿಯನ್ನು ಮಂದ ಬೆಳಕಿನ ಕೊಠಡಿಗಳಲ್ಲಿಟ್ಟು 28 ಗಂಟೆಗಳ 'ದಿನ'ವನ್ನು ಬಾಳಿಸಿದರು. ಅವರ ನಿದ್ರೆ ಮತ್ತು ಊಟದ ವೇಳೆಗಳು ಒಳಗಿನ ಗಡಿಯಾರಕ್ಕೆ ತೀರ ವಿರುದ್ಧವಾದಾಗ ಸಕ್ಕರೆ ಶೇಕಡ 6ರಷ್ಟೂ, ರಕ್ತದೊತ್ತಡ ಶೇಕಡ 3ರಷ್ಟೂ ಏರಿದುವು. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಶೇಕಡ 17ರಷ್ಟು ಕುಗ್ಗಿತು. ಪರೀಕ್ಷಿಸಲ್ಪಟ್ಟ ಎಂಟು ಮಂದಿಯಲ್ಲಿ ಮೂವರ ರಕ್ತದ ಸಕ್ಕರೆ ಊಟದ ಬಳಿಕ ಮಧುಮೇಹದ ಹೊಸ್ತಿಲಿಗೇ ಬಂದಿತ್ತು. ಇಷ್ಟಕ್ಕೆ ಹಿಡಿದದ್ದು ಕೆಲವೇ ದಿನಗಳು!

ಅಮೆರಿಕದ ಜಲಾಂತರ್ಗಾಮಿಗಳಲ್ಲಿ ಹಲವು ದಶಕಗಳ ಕಾಲ ದಿನವೆಂದರೆ 18 ಗಂಟೆ: ಆರು ಗಂಟೆ ಪಹರೆ, ಉಳಿದ ಹನ್ನೆರಡರಲ್ಲಿ ದುರಸ್ತಿ, ಕವಾಯತು, ಊಟ, ನಿದ್ರೆ. ಸೂರ್ಯನ ಮುಖ ಕಾಣದ ಆ ಲೋಹದ ಗೂಡಿನಲ್ಲಿ ದೇಹದ ಗಡಿಯಾರವನ್ನು ತಿದ್ದುವವರೇ ಇರಲಿಲ್ಲ.

ಆದರೂ ಸೈನಿಕ ಗಟ್ಟಿಗನಲ್ಲವೇ ಎನ್ನಬಹುದು. ಹೌದು, ಗಟ್ಟಿಗರನ್ನೇ ಆರಿಸಿ ಸೇರಿಸಿಕೊಳ್ಳುತ್ತಾರೆ, ತೊಡಕಿರುವುದೇ ಅಲ್ಲಿ. ಹೃದ್ರೋಗವಾಗಲಿ ಮಧುಮೇಹವಾಗಲಿ ಸಾಮಾನ್ಯವಾಗಿ ತಲೆಯೆತ್ತುವುದು ನಲವತ್ತು ದಾಟಿದ ಮೇಲೆ. ಆ ವೇಳೆಗೆ ಎಷ್ಟೋ ಮಂದಿ ಸಿಪಾಯಿಗಳು ಸಮವಸ್ತ್ರ ಕಳಚಿ ಮನೆ ಸೇರಿರುತ್ತಾರೆ. ಕಾಯಿಲೆಯನ್ನು ಇದಿರುಗೊಳ್ಳುವವರು ಹೆಂಡತಿ ಮಕ್ಕಳು.

ಅಮೆರಿಕದ ನೌಕಾಪಡೆ ಎಚ್ಚೆತ್ತದ್ದೂ ಹೃದಯದ ಕೂಗನ್ನು ಕೇಳಿಯಲ್ಲ. 2017ರಲ್ಲಿ ಅದರ ಎರಡು ಯುದ್ಧನೌಕೆಗಳು ಸರಕು ಹಡಗುಗಳಿಗೆ ಡಿಕ್ಕಿ ಹೊಡೆದುವು. ಜಪಾನಿನ ಬಳಿ ನಡುರಾತ್ರಿ ಕಳೆದ ಮೇಲೆ ಏಳು ಮಂದಿ, ಸಿಂಗಪುರದ ಬಳಿ ಬೆಳಕು ಹರಿಯುವ ಮುನ್ನ ಹತ್ತು ಮಂದಿ ನಾವಿಕರು ಮಡಿದರು. ನಾವಿಕರ ಆಯಾಸವೂ ಕಾರಣಗಳಲ್ಲೊಂದೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ಅನಂತರವೇ, ಪಹರೆಯನ್ನು ದೇಹದ ಗಡಿಯಾರಕ್ಕೆ ಹೊಂದಿಸಬೇಕೆಂಬ ಆಜ್ಞೆ ಹೊರಟಿತು: ಒಬ್ಬನಿಗೆ ನಿತ್ಯವೂ ಒಂದೇ ವೇಳೆಯ ಸರದಿ, ಒಂದೇ ವೇಳೆಗೆ ನಿದ್ರೆ.